ನೇರಳೆಕಟ್ಟೆಯ ಮದ್ದು

ನೇರಳೆಕಟ್ಟೆಯ ಪೂಜ್ಯ ಶ್ರೀ ಸೌಮ್ಯಾನಂದ ಸ್ವಾಮಿಗಳ ಮಠವೆಂದರೆ ಒಂದು ಹೆಂಚಿನ ಪಡಸಾಲೆ, ಒಂದು ಒರಳುಕಲ್ಲು, ಅಷ್ಟೇ. ಚಿತ್ತ ಕದಡಿ ನಿದ್ದೆಗೆಟ್ಟವರು ಅಲ್ಲಿಗೆ ಬರುತ್ತಿದ್ದರು. ಪೂಜ್ಯರು ತಾವೇ ಒರಳಿನ ಮುಂದೆ ಕುಳಿತು ಗಸಗಸೆ, ಕಾಯಿತುರಿ ನುಣ್ಣಗೆ ರುಬ್ಬಿ, ಬೆಲ್ಲ ಹಾಕಿ ಪಾಯಸ ಕಾಯಿಸಿ, ಬಂದವರ ಕೈಗೆ ಲೋಟವಿತ್ತು ಪಕ್ಕದಲ್ಲೇ ಕೂರುತ್ತಿದ್ದರು. ಕುಡಿದವರು ಮಾತಾಡಿ, ಅತ್ತು, ಅಲ್ಲೇ ಚಾಪೆಯ ಮೇಲೆ ಮಲಗಿ ಏಳುತ್ತಿದ್ದರು.

ಹಾಗೆ ಮಲಗಿ ಎದ್ದವರಲ್ಲಿ ಹೊನ್ನಾಜಮ್ಮನೂ ಒಬ್ಬರು. ಮಗಳು ಗಿರಿಜೆ ತನ್ನ ಚೊಚ್ಚಲ ಹೆರಿಗೆಯಲ್ಲಿ ತೀರಿಕೊಂಡಂದಿನಿಂದ ಆ ತಾಯಿಗೆ ಮನೆಯಲ್ಲಿ ನಿದ್ದೆಯೇ ಇಲ್ಲ. ಹೀಗೇ ಆದರೆ ಜೀವಕ್ಕೇ ಅಪಾಯವೆಂದು ಡಾಕ್ಟರು ಹೆದರಿಸಿದ್ದರು. ಮಠದಲ್ಲಿ ಆಕೆ ನಿದ್ದೆ ಮಾಡಿದರೆಂದು ಕೇಳಿ ಬೇರೆ ಗಂಡನಾಗಿದ್ದರೆ ಕೈ ಮುಗಿಯುತ್ತಿದ್ದ. ಆದರೆ ಅವರ ಯಜಮಾನರಾದ ಚಿಕ್ಕವೀರಪ್ಪನವರು ಅಬಕಾರಿ ಇಲಾಖೆಯ ಜಮೇದಾರರಾಗಿ ಊರವರ ಬಿಂದಿಗೆ ಮೂಸಿ ಮೂಸಿಯೇ ನಿವೃತ್ತರಾದವರು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಗಸಗಸೆಯ ಗಿಡದಲ್ಲೇ ಅಫೀಮೂ ಬರುತ್ತದೆಂದು ಅವರಿಗೆ ಚೆನ್ನಾಗಿ ಗೊತ್ತು.

"ಆ ಸ್ವಾಮಿ ಮದ್ದು ಹಾಕ್ತಾನೆ" ಎಂದು ಸಂತೆಯಲ್ಲೆಲ್ಲ ಸಾರಿದರು. ನಮ್ಮ ಕಡೆ ಮದ್ದೆಂದರೆ ಔಷಧಿಯೂ ಹೌದು, ಮರುಳು ಮಾಡಲು ಊಟದಲ್ಲಿ ಕದ್ದು ಬೆರೆಸುವ ವಿಷವೂ ಹೌದು. ಅವರು ಹೇಳಿದ್ದು ಎರಡನೆಯದನ್ನು.

ಒಂದು ಮಧ್ಯಾಹ್ನ ಮಠಕ್ಕೇ ಬಂದು ಒರಳು ಮೂಸಿದರು, ಬೆಲ್ಲದ ಡಬ್ಬಿ, ಗಸಗಸೆಯ ಡಬ್ಬಿ ತಡಕಿದರು. ಪೂಜ್ಯರ ಜೋಳಿಗೆಗೂ ಕೈ ಹಾಕಿದರು. ಬರೆಯುವಾಗಲೂ ನನಗೆ ಮೈ ಉರಿಯುತ್ತದೆ. ಪೂಜ್ಯರೋ, ಜೋಳಿಗೆಯ ಬಾಯನ್ನು ತಾವೇ ಅಗಲಿಸಿ ಹಿಡಿದರು.

"ಮದ್ದು ಹಾಕ್ತೀರಂತೆ, ನಿಜವಾ ಬುದ್ಧಿ?"

"ಹಾಕ್ತೀವಪ್ಪ."

ಕಳ್ಳ ಸಿಕ್ಕನೆಂದು ಜಮೇದಾರರ ಮೀಸೆ ಕುಣಿಯಿತು. ಪೂಜ್ಯರು ಅವರು ತಡಕಿದ ಡಬ್ಬಿಯ ಗಸಗಸೆಯನ್ನೇ ಪೊಟ್ಟಣ ಕಟ್ಟಿಕೊಟ್ಟು, "ಮನೇಲಿ ನೀವೇ ಮಾಡಿ ಕೊಡಿ" ಎಂದರು.

ಮರುದಿನವೇ ಚಿಕ್ಕವೀರಪ್ಪನವರು ಹಿಗ್ಗುತ್ತ ಬಂದರು. "ನಾನೇ ರುಬ್ಬಿ ಕೊಟ್ಟೆ ಬುದ್ಧಿ. ಕಣ್ಣು ಪಿಳಿಪಿಳಿ ಬಿಟ್ಕೊಂಡೇ ಕೂತಿದ್ಲು. ನೀವು ಇನ್ನೇನೋ ಬೆರೆಸ್ತೀರ!"

ಹೆಂಡತಿಗೆ ನಿದ್ದೆ ಬಾರದಿದ್ದಕ್ಕೆ ಇಷ್ಟು ಸಂಭ್ರಮಪಟ್ಟ ಗಂಡ ಇನ್ನೊಬ್ಬನಿರಲಾರ.

"ಕುಡಿಯುವಾಗ ಆ ತಾಯಿ ಏನಂದರು?"

"ಏನಂತಾಳೆ? ನಮ್ಮ ಗಿರಿಜೆಗೂ ಇದು ಇಷ್ಟ ಅಂತ ಶುರು ಮಾಡಿದ್ಲು. ಸತ್ತೋರ ಹೆಸರು ಎತ್ತಬೇಡ, ಬಾಯ್ ಮುಚ್ಕೊಂಡು ಕುಡಿ ಅಂದೆ."

ಪೂಜ್ಯರು ಒರಳುಗುಂಡು ತಿರುಗಿಸುವುದನ್ನು ನಿಲ್ಲಿಸಿದರು. "ಗಸಗಸೆ ಮೈ ತಂಪು ಮಾಡ್ತದೆ, ಅದರ ಕೆಲಸ ಅಷ್ಟು. ನಾವು ಬಾಯಿ ಮುಚ್ಚು ಅನ್ನೋದಿಲ್ಲ. ಅದೇ ನಮ್ಮ ಮದ್ದು."

ಚಿಕ್ಕವೀರಪ್ಪನವರು ಎದ್ದು ಹೋದರು. ಮನೆಯಲ್ಲಿ ಮತ್ತೆ ಗಸಗಸೆ ರುಬ್ಬಿದರು. ಹೆಂಡತಿಯ ಕೈಗೆ ಲೋಟ ಕೊಟ್ಟು, ಈ ಸಲ ಪಕ್ಕದಲ್ಲಿ ಕುಳಿತರು.

"ಗಿರಿಜೆ ಪಾತ್ರೆ ತಳಾನೂ ಬಿಡ್ತಿರ್ಲಿಲ್ಲ, ಅಲ್ವೇನೆ?" ಎಂದರು.

ಹೊನ್ನಾಜಮ್ಮ ಲೋಟ ಕೆಳಗಿಟ್ಟು ಗಂಡನನ್ನೇ ನೋಡಿದರು. "ಬೆರಳಲ್ಲಿ ಬಳ್ಕೊಂಡು ತಿಂತಿದ್ಲು" ಎಂದು ನಕ್ಕರು, ನಗುತ್ತಲೇ ಗೋಳೋ ಎಂದು ಅತ್ತರು. ಮಗಳ ಬಾಲ್ಯದಿಂದ ಬಾಣಂತನದ ಸಿದ್ಧತೆಯವರೆಗೆ ಎಲ್ಲವನ್ನೂ ಇಬ್ಬರೂ ಮಾತಾಡಿದರು. ಆ ತಾಯಿ ಗೋಡೆಗೊರಗಿ ನಿದ್ದೆಹೋದರು. ಚಿಕ್ಕವೀರಪ್ಪನವರು ಟವೆಲಿನಿಂದ ನೊಣ ಓಡಿಸುತ್ತ ಕುಳಿತರು.

ಮುಂದೆ ಸಂತೆಯಲ್ಲಿ ಯಾರಾದರೂ, "ಜಮೇದಾರ್ರೇ, ಸ್ವಾಮಿಗಳು ಮದ್ದು ಹಾಕ್ತಾರೆ ಅಂತಿದ್ರಲ್ಲ, ದಿಟವಾ?" ಎಂದು ಕೆಣಕಿದರೆ, ಅವರು ಮಠದ ದಿಕ್ಕಿಗೆ ತಿರುಗಿ ಕೈ ಮುಗಿಯುತ್ತಿದ್ದರು.

"ದಿಟ ಕಣಪ್ಪ. ನನಗೂ ಹಾಕ್ಬಿಟ್ರು."