ನಾಲ್ಕು ಕಿಲೋ ಫ್ಲೈವೀಲು

ಹೊಳೆಯ ಈಚೆ ದಡದಲ್ಲಿ ಇನಾಸ ಮೇಸ್ತ್ರಿಯ ಗ್ಯಾರೇಜು. ನಾಲ್ಕು ಕಂಬ, ಮೇಲೆ ತಗಡು, ಕೆಳಗೆ ಎಣ್ಣೆ ಕುಡಿದ ಮರಳು. ಆಶ್ರಮ ಅಂದರೆ ಅದೇ.

ಮೇಸ್ತ್ರಿಯ ಕಿವಿ ಎಂಥದ್ದು ಅಂದರೆ, ಆಚೆ ದಡದಲ್ಲಿ ಲಾರಿ ಸ್ಟಾರ್ಟ್ ಆದರೆ ಈಚೆ ಕೂತು, ಎರಡನೇ ಬೋಲ್ಟು ಅರ್ಧ ಸುತ್ತು ಸಡಿಲ ಅನ್ನುತ್ತಿದ್ದರು. ಹೋಗಿ ನೋಡಿದರೆ ಅರ್ಧವೇ ಸುತ್ತು. ಇಪ್ಪತ್ತೆಂಟು ವರ್ಷ ಆ ಹೊಳೆಯಲ್ಲಿ ಬಾರ್ಜು ನಡೆಸಿ, ಲಾರಿ, ಬಸ್ಸು, ಒಮ್ಮೆ ಮದುವೆಮನೆಯ ಆನೆ, ಎಲ್ಲವನ್ನೂ ದಾಟಿಸಿದವನು ನಾನು. ಹೆಚ್ಚು ಮಾಡಿ ಹೇಳುವ ಅಭ್ಯಾಸ ನನಗಿಲ್ಲ.

ಶಾಲೆಗೆ ರಜೆಯಿದ್ದ ಒಂದು ಗುರುವಾರ, ಅವರ ಶಿಷ್ಯ ಹಮ್ಮಣ್ಣ ಗೋಣಿಯಲ್ಲಿ ಸುತ್ತಿದ ಗಂಟೊಂದನ್ನು ತಂದು ಮುಂದಿಟ್ಟ.

"ಎಂತದು?"

"ಫ್ಲೈವೀಲು. ನಾಲ್ಕೇ ಕಿಲೋ. ನನ್ನ ಕಾರಿನಲ್ಲಿರುವುದು ಒಂಬತ್ತು. ತೆಗೆದು ಇದನ್ನು ಹಾಕಿಕೊಡಿ."

ಫ್ಲೈವೀಲು ಅಂದರೆ ಇಂಜಿನ್ನಿನ ಬೆನ್ನಿಗೆ ಕೂತ ಕಬ್ಬಿಣದ ಚಕ್ರ. ಭಾರದ್ದಾದರೆ, ಆಕ್ಸಿಲರೇಟರಿನಿಂದ ಕಾಲು ತೆಗೆದರೂ ಇಂಜಿನ್ನನ್ನು ಸ್ವಲ್ಪ ಹೊತ್ತು ತಿರುಗಿಸಿಕೊಂಡು ಹೋಗುತ್ತದೆ. ಹಗುರದ್ದಾದರೆ ಇಂಜಿನ್ನಿನ ವೇಗ ಬೇಗ ಏರುತ್ತದೆ.

ಮೇಸ್ತ್ರಿ ಗಂಟನ್ನು ಮುಟ್ಟಲಿಲ್ಲ.

"ಯಾವ ಕಾರಿಗೆ?"

"ಇರುವುದು ಒಂದೇ ಅಲ್ಲವಾ?"

"ಆದಿತ್ಯವಾರದ್ದು ಒಂದು, ಉಳಿದ ವಾರದ್ದು ಒಂದು. ನನ್ನ ಕಣ್ಣಿಗೆ ಎರಡು ಕಾಣುತ್ತವೆ."

ಮಾತು ಸರಿಯೇ. ಆದಿತ್ಯವಾರ ಹಮ್ಮಣ್ಣ ಆ ಕಾರನ್ನು ಗುಡ್ಡದ ಮೇಲಿನ ಮಣ್ಣಿನ ರೇಸಿಗೆ ಒಯ್ಯುತ್ತಿದ್ದ. ಹಿಂದಿನ ವರ್ಷ ಒಂದು ಬಂಪರಿನಷ್ಟರಲ್ಲಿ ಸೋತಿದ್ದ. ಉಳಿದ ಆರು ದಿನ ಅದೇ ಕಾರಿನ ಹಿಂದಿನ ಸೀಟಿನಲ್ಲಿ ಅವನ ಹೆಂಡತಿ ಮಾದೇವಿ, ಬಿಸಿ ಸಾರಿನ ಪಾತ್ರೆಯನ್ನು ಮೊಣಕಾಲಿನ ನಡುವೆ ಹಿಡಿದು ಕೂರುತ್ತಿದ್ದಳು. ಆಚೆ ದಡದ ಶಾಲೆಯ ಅರವತ್ತೆರಡು ಮಕ್ಕಳ ಮಧ್ಯಾಹ್ನದ ಅಡುಗೆ ಅವಳದ್ದು. ಅವರ ಮನೆ ನಡೆಯುತ್ತಿದ್ದದ್ದೂ ಅದರಲ್ಲೇ.

"ಬಾರ್ಜಿನ ಹಲಗೆ ಹತ್ತುವಾಗ ಇಂಜಿನ್ನಿಗೆ ಒತ್ತಾಸೆ ಯಾರು, ಹಮ್ಮಣ್ಣ?"

ಹಮ್ಮಣ್ಣ ಕಣ್ಣು ಸಣ್ಣ ಮಾಡಿದ.

"ನೀವು ನನ್ನಿಂದ ಏನೋ ಮುಚ್ಚಿಡುತ್ತಿದ್ದೀರಿ ಮೇಸ್ತ್ರಿ."

"ಎಂತ?"

"ನಿಮ್ಮ ಜೀಪಿನಲ್ಲಿ ಒಂದೂವರೆ ಕಿಲೋದ್ದು ಇದೆಯಂತೆ. ಅದಕ್ಕೇ ಅದು ಬೆಕ್ಕಿನ ಹಾಗೆ ಗುಡ್ಡ ಹತ್ತುವುದು. ನೀವು ಹಾಕಿಕೊಳ್ಳಬಹುದು, ಶಿಷ್ಯ ಹಾಕಿಕೊಳ್ಳಬಾರದು."

"ಯಾರು ಹೇಳಿದ್ದು?"

"ಅಗೋ, ಬೆಂಚಿನ ಮೇಲೆ ಎಲೆ ಅಡಿಕೆ ಹಾಕುತ್ತಿದ್ದಾನಲ್ಲ, ಅವನು."

ಮೇಸ್ತ್ರಿ ನನ್ನ ಕಡೆ ನೋಡಿದರು. ನಾನು ಹೊಳೆ ನೋಡಿದೆ. ಆ ಜೀಪು ಮುರಿದ ಮೋರಿಯನ್ನು ಹಾರಿ ದಾಟಿದ್ದನ್ನು ಕಣ್ಣಾರೆ ಕಂಡವನು ನಾನು. ಹಾರಬೇಕಾದರೆ ಒಳಗೆ ಏನೋ ಹಗುರ ಇರಲೇಬೇಕಲ್ಲ.

ಮೇಸ್ತ್ರಿ ಗೋಡೆಯಿಂದ ಸ್ಪಾನರು ತೆಗೆದು ಶಿಷ್ಯನ ಕೈಗೆ ಕೊಟ್ಟರು.

"ಬಿಚ್ಚಿ ನೋಡು."

ಹಮ್ಮಣ್ಣ ನಿಜವಾಗಿಯೂ ಬಿಚ್ಚಿದ. ಅರ್ಧ ದಿನ ಹಿಡಿಯಿತು. ಒಳಗೆ ಅಂಚಿಗೆ ತುಕ್ಕು ಹಿಡಿದ ಹನ್ನೊಂದು ಕಿಲೋದ ಮುದಿ ಚಕ್ರ. ಎತ್ತಿ ಇಳಿಸುವಾಗ ಅವನ ಸೊಂಟ ಹಿಡಿಯಿತು.

ಅವನು ಚಕ್ರ ನೋಡಿದ. ಗುರುವಿನ ಮುಖ ನೋಡಿದ.

"ನಾನು ಬರುವುದು ಗೊತ್ತಾಗಿ ಮೊದಲೇ ಬದಲಾಯಿಸಿ ಇಟ್ಟಿದ್ದೀರಿ."

ಮೇಸ್ತ್ರಿ ಗೋಣಿಯ ಗಂಟನ್ನು ಎತ್ತಿಕೊಂಡರು.

"ಕಾರು ಬಿಟ್ಟು ಹೋಗು. ಬೆಳಿಗ್ಗೆ ಬಾ."

"ನಾನೂ ಇಲ್ಲೇ ನಿಲ್ಲುತ್ತೇನೆ."

"ನಿಂತರೆ ನನ್ನ ಕೈ ನೋಡುತ್ತೀಯೇ ಹೊರತು ಕೆಲಸ ನೋಡುವುದಿಲ್ಲ. ಹೋಗು."

ಶುಕ್ರವಾರ ಬೆಳಿಗ್ಗೆ ಕಾರು ಸಿದ್ಧವಿತ್ತು. ಕಾಲು ಮುಟ್ಟಿಸಿದರೆ ಸಾಕು, ಮೀಟರಿನ ಮುಳ್ಳು ಮೇಲಕ್ಕೆ ಜಿಗಿಯುತ್ತಿತ್ತು. ಆದರೆ ನಿಂತಲ್ಲಿ ನಿಂತರೆ ಒಳಗಿಂದ ಒಂದು ಸದ್ದು, ಡಬ್ಬಿಯಲ್ಲಿ ಹರಳು ಹಾಕಿ ಕುಲುಕಿದ ಹಾಗೆ.

ಬಾರ್ಜಿನ ಹಲಗೆಯ ಅರ್ಧದಲ್ಲಿ ಇಂಜಿನ್ ಆರಿತು. ಮತ್ತೆ ಹಚ್ಚಿದ. ಮತ್ತೆ ಆರಿತು.

"ಹಮ್ಮಣ್ಣ, ನಿನ್ನ ಕಾರಿಗೆ ಈಜು ಬರುತ್ತದಾ?" ಅಂತ ಕೇಳಿದೆ. ಹಿಂದೆ ನಿಂತ ಮೀನಿನ ಟೆಂಪೋದವರು ಇಳಿದು ಬಂದು ನೂಕಿದರು.

ಶನಿವಾರ ಮೂರು ಸಲ ಆರಿತು.

"ಮೇಸ್ತ್ರಿ ಬೇಕಂತಲೇ ಯಾವುದೋ ಬೋಲ್ಟು ಸಡಿಲ ಬಿಟ್ಟಿದ್ದಾರೆ" ಅಂದ ಹಮ್ಮಣ್ಣ, ಹಿಂದೆ ತಿರುಗದೆ.

"ಎಂತಕ್ಕೆ?" ಮಾದೇವಿ ಕೇಳಿದಳು.

"ಅವರ ಮಾತು ಮೀರಿದೆ ಅಂತ."

ಅವಳು ಇನ್ನೊಂದು ಬಟ್ಟೆ ಮಡಚಿ ಪಾತ್ರೆಯ ಮುಚ್ಚಳದ ಮೇಲೆ ಒತ್ತಿ ಹಿಡಿದಳು.

ಆದಿತ್ಯವಾರ ಹಮ್ಮಣ್ಣ ಗೆದ್ದ. ಮೂರು ಕಾರಿನಷ್ಟು ಮುಂದಿದ್ದ. ನಾನು ಎಲ್ಲರಿಗೂ ಎಂಟು ಅಂತ ಹೇಳಿದ್ದೇನೆ. ಅದೂ ಸುಳ್ಳಲ್ಲ, ಸಣ್ಣ ಕಾರಿನ ಲೆಕ್ಕದಲ್ಲಿ ಎಂಟೇ.

ಗೆದ್ದವನಿಗೆ ಒಂದು ಉಪಾಯವೂ ಹೊಳೆದಿತ್ತು. ಸೋಮವಾರ ಹಲಗೆಯ ಬುಡದಲ್ಲಿ ನಿಂತು, ಇಂಜಿನ್ನನ್ನು ರೇಸಿನಲ್ಲಿ ಏರಿಸುವ ಹಾಗೆ ಏರಿಸಿ, ಕ್ಲಚ್ಚನ್ನು ಒಮ್ಮೆಲೇ ಬಿಟ್ಟ.

ಆರಲಿಲ್ಲ. ಕಾರು ಹಾರಿ ಬಂದು ಬಾರ್ಜಿನ ಆ ತುದಿಗೆ ನಾನು ಕಟ್ಟಿದ ಸರಪಳಿಗೆ ಮೂತಿ ತಾಗಿಸಿ ನಿಂತಿತು. ಒಳಗೆ ಪಾತ್ರೆ ಮಗುಚಿತು.

ಆ ದಿನ ಅರವತ್ತೆರಡು ಮಕ್ಕಳು ಉಪ್ಪಿನಕಾಯಿ ನೆಕ್ಕಿಕೊಂಡು ಬರಿ ಅನ್ನ ಉಂಡರು. ಇನ್ನೊಂದು ಸಲ ಹೀಗಾದರೆ ಅಡುಗೆಯನ್ನು ಆಚೆ ದಡದವರಿಗೇ ವಹಿಸುತ್ತೇವೆ ಅಂದರು ಹೆಡ್ ಮಾಸ್ತರು. ಹಮ್ಮಣ್ಣನಿಗೆ ಹೇಳಲಿಲ್ಲ, ಮಾದೇವಿಗೆ ಹೇಳಿದರು.

ಮಂಗಳವಾರ ಅವಳು ಕಾರು ಹತ್ತಲಿಲ್ಲ. ಸಾರಿನ ಪಾತ್ರೆಯನ್ನು ತಲೆಯ ಮೇಲೆ ಹೊತ್ತು ನಡೆದು ಬಂದಳು. ಸುಟ್ಟ ಕಾಲಿಗೆ ಬಟ್ಟೆ ಸುತ್ತಿಕೊಂಡಿದ್ದಳು. ಹಮ್ಮಣ್ಣ ಅನ್ನದ ಪಾತ್ರೆ ಹಾಕಿಕೊಂಡು ಖಾಲಿ ಸೀಟಿನ ಜೊತೆ ಹಿಂದೆ ಹಿಂದೆ ಬಂದ.

"ಇದೆಲ್ಲ ನಿನಗೆ ಮೇಸ್ತ್ರಿ ಹೇಳಿಕೊಟ್ಟರಾ?" ಬಾರ್ಜಿನವರೆಲ್ಲ ಕೇಳುವ ಹಾಗೆ ಕೇಳಿದ.

"ಸಾರು ಹೇಳಿಕೊಟ್ಟಿತು" ಅಂದಳು ಅವಳು.

ಮಧ್ಯಾಹ್ನ ಅವನು ನೆಟ್ಟಗೆ ಗ್ಯಾರೇಜಿಗೆ ಬಂದ. ನಾನು ಬೆಂಚಿನ ಮೇಲಿದ್ದೆ.

"ಬಿಚ್ಚಿ. ನನ್ನ ಎದುರಿಗೇ ಬಿಚ್ಚಿ."

ಮೇಸ್ತ್ರಿ ಬಿಚ್ಚಿದರು. ನಾಲ್ಕು ಕಿಲೋದ ಅದೇ ಚಕ್ರ. ಎಂಟು ಬೋಲ್ಟು. ಒಂದೊಂದರ ತಲೆಯ ಮೇಲೂ ಬಿಗಿದಾಗ ಎಳೆದ ಕೆಂಪು ಬಣ್ಣದ ಗೀಟು. ಒಂದೂ ಕದಲಿರಲಿಲ್ಲ. ಹಮ್ಮಣ್ಣ ಎಂಟನ್ನೂ ತನ್ನ ಕೈಯಿಂದ ತಿರುಗಿಸಿ ನೋಡಿದ. ಬೆವರಿದ.

"ಹಾಗಾದರೆ ಆ ಸದ್ದು?"

"ಗೇರುಗಳದ್ದು. ಮೊದಲಿಂದಲೂ ಇತ್ತು. ಭಾರದ ಚಕ್ರ ನುಂಗಿಕೊಳ್ಳುತ್ತಿತ್ತು. ಈಗ ನುಂಗುವವರಿಲ್ಲ."

"ಹಲಗೆಯ ಮೇಲೆ ಆರುವುದು?"

"ಬೇಗ ಏರುವ ಇಂಜಿನ್ ಕೇಳಿದೆ. ಅದು ಇಳಿಯುವುದೂ ಬೇಗ."

"ಇದನ್ನು ಮೊದಲೇ ಯಾಕೆ ಹೇಳಲಿಲ್ಲ?"

"ಹೇಳಲು ಹೊರಟಾಗ ನೀನು ನನ್ನ ಜೀಪು ಬಿಚ್ಚಿದೆ."

ಹಮ್ಮಣ್ಣ ಮರಳಿನ ಮೇಲೆ ಕುಕ್ಕರಿಸಿದ.

"ಈಗಲಾದರೂ ಹೇಳಿ. ಯಾವುದು ಇಟ್ಟುಕೊಳ್ಳಲಿ? ಇದಾ, ಹಳೆಯದಾ? ನಡುವಿನದು, ಆರು ಕಿಲೋದ್ದೂ ಸಿಗುತ್ತದಂತೆ."

ಮೇಸ್ತ್ರಿ ಅದೇ ಹಗುರ ಚಕ್ರ ಇಟ್ಟು ಎಲ್ಲವನ್ನೂ ಮತ್ತೆ ಜೋಡಿಸಿದರು. ಮುಗಿಯುವಾಗ ಬಿಸಿಲು ಇಳಿದಿತ್ತು. ಒಂದು ಪಾತ್ರೆ ತಂದು ಹೊಳೆಯಲ್ಲಿ ಅದ್ದಿ ಕಂಠದವರೆಗೆ ತುಂಬಿದರು.

"ಹಿಂದೆ ಕೂತುಕೋ."

"ನಾನಾ? ನನ್ನ ಕಾರಿನಲ್ಲಿ?"

"ಪಾತ್ರೆ ಮೊಣಕಾಲಿನ ನಡುವೆ."

"ನನಗೆ ಬುದ್ಧಿ ಕಲಿಸಬೇಕು ಅಂತ ಬೇಕಂತಲೇ ಎತ್ತಿ ಹಾಕುತ್ತೀರಿ."

"ನೀನು ಓಡಿಸುವ ಹಾಗೇ ಓಡಿಸುತ್ತೇನೆ. ಬಾರ್ಜಿನವನು ಸಾಕ್ಷಿ."

ನನ್ನನ್ನು ಸಾಕ್ಷಿಗೆ ಕರೆದವರು ಆ ಊರಿನಲ್ಲಿ ಅವರೊಬ್ಬರೇ. ಹೇಳುತ್ತೇನೆ, ಅವರು ಅವನ ಹಾಗೇ ಓಡಿಸಿದರು. ಹಲಗೆಯ ಬುಡದಲ್ಲಿ ಏರಿಸಿದರು, ಕ್ಲಚ್ಚು ಬಿಟ್ಟರು.

ಪಾತ್ರೆಯ ನೀರು ಹಮ್ಮಣ್ಣನ ತೊಡೆ, ಎದೆ, ಬಾಯಿ ಎಲ್ಲ ತುಂಬಿತು. ಬೀಳದಿರಲು ಅವನು ಮುಂದಿನ ಸೀಟಿನ ಬೆನ್ನನ್ನು ಗಪ್ಪನೆ ಹಿಡಿದ.

ಕೈ ತೆಗೆದವನು ಅಲ್ಲೇ ನೋಡುತ್ತ ಕೂತ. ನಾನೂ ಕಿಟಕಿಯಿಂದ ಇಣುಕಿದೆ.

ಅವನ ಕೈ ಬಿದ್ದ ಜಾಗದಲ್ಲೇ, ಬೂದು ಬಟ್ಟೆಯ ಮೇಲೆ, ಮೊದಲೇ ಒಂದು ಕೈಯಿತ್ತು. ಅಡುಗೆಯ ಅರಿಸಿನದ ಕೈಯಚ್ಚು. ನಾಲ್ಕು ಬೆರಳು, ಒಂದು ಹೆಬ್ಬೆಟ್ಟು. ಅದರ ಕೆಳಗೆ ಇನ್ನೊಂದು, ಅದರ ಕೆಳಗೆ ಮತ್ತೊಂದು. ಅಡಿಯವು ಬಿಸಿಲಿಗೆ ಬಿಳಿಚಿ ಹೋಗಿದ್ದವು. ಕೆಳಗೆ ಮ್ಯಾಟಿನಲ್ಲಿ ಎರಡು ಹಿಮ್ಮಡಿ ಒತ್ತಿ ಒತ್ತಿ ಎರಡು ಗುಳಿ.

ಆ ಕಾರು ಬಂದು ಮೂರು ವರ್ಷ. ಹಗುರ ಚಕ್ರ ಬಂದು ಐದು ದಿನ.

ಬಾರ್ಜು ಆಚೆ ಮುಟ್ಟಿ ಈಚೆ ಬರುವವರೆಗೆ ಅವನು ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ, ಹಾಗಾದದ್ದು ಇಪ್ಪತ್ತೆಂಟು ವರ್ಷದಲ್ಲಿ ಅದೊಂದೇ ಸಲ.

"ಮೇಸ್ತ್ರಿ, ಹಳೆಯದನ್ನೇ ಹಾಕಿಬಿಡಿ."

"ಅದು ಇದ್ದಾಗ ಸಾರು ಚೆಲ್ಲುತ್ತಿರಲಿಲ್ಲ ಅಂತ ಯಾರು ಹೇಳಿದರು?"

"ಯಾರೂ ಹೇಳಲಿಲ್ಲ." ಹಮ್ಮಣ್ಣ ಒದ್ದೆ ಬಟ್ಟೆಯಲ್ಲಿ ಇಳಿದು ನಿಂತ. "ಅವಳು ಏನೂ ಹೇಳುತ್ತಿರಲಿಲ್ಲ."

ಮೇಸ್ತ್ರಿ ಕಾರಿನ ಚಾವಿಯನ್ನು ತಮ್ಮ ಜೇಬಿಗೆ ಹಾಕಿಕೊಂಡರು. ಖಾಲಿ ಪಾತ್ರೆಯನ್ನು ಅವನ ಕೈಗೆ ಕೊಟ್ಟರು.

"ನಡೆದುಕೊಂಡು ಹೋಗು. ಯಾವ ಚಕ್ರ ಅಂತ ಅವಳನ್ನು ಕೇಳಿಕೊಂಡು ಬಾ. ಆದರೆ ಅವಳು ಹೇಳಿದ್ದನ್ನು ನನ್ನ ಜೀಪಿನ ಹಾಗೆ ಬಿಚ್ಚಿ ನೋಡಲು ಹೋಗಬೇಡ."