ತೂಬು ಮುಚ್ಚಿಸಿದ ಮಂತ್ರಿ

"ಗುರುಗಳೇ, ಹಾಡು ಕಟ್ಟಿದವರನ್ನೂ ಜನ ನಾಡಿನ ಧೀರರೆನ್ನುತ್ತಾರೆ, ರಾಜ್ಯಭಾರ ಮಾಡಿದವರನ್ನೂ ಹಾಗೆಯೇ ಕರೆಯುತ್ತಾರೆ. ಆ ಹೆಸರು ನಿಜವಾಗಿ ಯಾರಿಗೆ ಸಲ್ಲಬೇಕು?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಂದು ರಾಜ್ಯದಲ್ಲಿ ಒಬ್ಬ ಮಂತ್ರಿಯಿದ್ದ. ಹರೆಯದಲ್ಲೇ ಅವನು ನದಿಗೆ ಕಟ್ಟೆ ಹಾಕಿಸಿ ಕಾಲುವೆ ತೆಗೆಸಲು ಹೊರಟ. ಕೆಲಸ ಹನ್ನೊಂದು ವರ್ಷ ಹಿಡಿಯಿತು. ಕಟ್ಟೆ ಎರಡು ಸಲ ಒಡೆಯಿತು. ಎರಡು ಸಲವೂ ಮಂತ್ರಿ ತಾನೇ ಕೆಸರಿಗಿಳಿದು ಮಣ್ಣು ಹೊತ್ತ. ಕಾಲುವೆಯಲ್ಲಿ ನೀರು ಹರಿಯುವ ಹೊತ್ತಿಗೆ ಜ್ವರ ಬಂದು ಅವನ ಒಂದು ಕಣ್ಣು ಹೋಗಿತ್ತು.

ಅವನಿಗೆ ವಯಸ್ಸಾದ ಮೇಲೆ ರಾಜ ಒಂದು ಆಜ್ಞೆ ಹೊರಡಿಸಿದ. ನಾಡಿನ ಧೀರನೊಬ್ಬನ ಹೆಸರನ್ನು ಕೋಟೆಯ ಬಾಗಿಲ ಕಲ್ಲಿನಲ್ಲಿ ಕೆತ್ತಿಸಬೇಕು, ಯಾರ ಹೆಸರೆಂದು ಪ್ರಜೆಗಳೇ ಹೇಳಲಿ ಎಂದ. ಊರೂರಿಗೂ ದೂತರು ಹೋದರು. ಎಲ್ಲ ಊರುಗಳಿಂದಲೂ ಒಂದೇ ಹೆಸರು ಬಂತು. ಅದು ಒಬ್ಬ ಹಾಡುಗಾರನ ಹೆಸರು.

ಮಂತ್ರಿಗೆ ಇದನ್ನು ನಂಬಲಾಗಲಿಲ್ಲ. ದೂತರು ಸುಳ್ಳು ಹೇಳುತ್ತಿರಬಹುದೆಂದು ತಾನೇ ಸಾಮಾನ್ಯನ ಉಡುಪಿನಲ್ಲಿ ಕಾಲುವೆಯ ಕೊನೆಯ ಊರಿಗೆ ಹೋದ. ಅಲ್ಲಿ ಒಬ್ಬ ಹೆಂಗಸು ಹಾಡಿಕೊಳ್ಳುತ್ತ ಗದ್ದೆಯಲ್ಲಿ ಕಳೆ ಕೀಳುತ್ತಿದ್ದಳು.

"ಈ ಕಾಲುವೆ ತೆಗೆಸಿದವರು ಯಾರಮ್ಮ?" ಎಂದು ಮಂತ್ರಿ ಕೇಳಿದ.

"ಯಾರೋ ಏನೋ, ಯಜಮಾನರೇ. ನಾನು ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ನೀರು ಬರುತ್ತಲೇ ಇದೆ."

"ನೀನು ಹಾಡುತ್ತಿರುವ ಹಾಡು ಯಾರದು?"

ಹೆಂಗಸು ಸೊಂಟ ನೆಟ್ಟಗೆ ಮಾಡಿ ನಿಂತಳು. ಹಾಡುಗಾರನ ಹೆಸರು ಹೇಳಿದಳು, ಅವನ ಊರು ಹೇಳಿದಳು, ಅವನು ಸುತ್ತುವ ರುಮಾಲಿನ ಬಣ್ಣವನ್ನೂ ಹೇಳಿದಳು.

ಮಂತ್ರಿ ಅಲ್ಲಿಂದ ನೇರವಾಗಿ ಕಟ್ಟೆಗೆ ಬಂದು ತೂಬು ಮುಚ್ಚಿಸಿದ. ನೀರು ಬಿಡುವ ಕಾವಲುಗಾರನಿಗೆ, "ಯಾರ ಅಪ್ಪಣೆಯೆಂದು ಜನ ಕೇಳಿದರೆ ನನ್ನ ಹೆಸರು ಹೇಳು" ಎಂದ.

ಕಾಲುವೆ ಬತ್ತಿತು. ಪೈರು ಹಳದಿಯಾಯಿತು. ಒಂಬತ್ತನೆಯ ದಿನ ಜನ ಕಟ್ಟೆಯ ಕೆಳಗೆ ಬಂದು ಸೇರಿ ಮಂತ್ರಿಯ ಹೆಸರು ಹಿಡಿದು ಕೂಗಿದರು. ಮೇಲೆ ನಿಂತಿದ್ದ ಮಂತ್ರಿ ಅಷ್ಟೊಂದು ಬಾಯಿಗಳಲ್ಲಿ ತನ್ನ ಹೆಸರನ್ನು ಎಂದೂ ಕೇಳಿರಲಿಲ್ಲ. ಅವರು ಶಪಿಸುತ್ತಿದ್ದಾರೆಂದು ತಿಳಿದೂ ಅವನಿಗೆ ಅದು ಹಿತವೆನಿಸಿತು.

ಆಗ ಹಾಡುಗಾರ ಕಟ್ಟೆಯ ಮೆಟ್ಟಿಲು ಹತ್ತಿ ಬಂದ.

"ನಿನಗೇನು ಬೇಕು?" ಎಂದ ಮಂತ್ರಿ. "ನಾಡೆಲ್ಲ ನಿನ್ನ ಹೆಸರೇ ಹೇಳುತ್ತಿದೆಯಲ್ಲ!"

"ನಾನು ನಾಳೆ ಬಾಯಿ ಮುಚ್ಚಿದರೆ ಯಾರ ಮನೆಯ ಒಲೆಯೂ ಆರುವುದಿಲ್ಲ, ಸ್ವಾಮಿ. ಈ ಕಾಲುವೆ ನೋಡಿದಾಗಲೆಲ್ಲ ನನ್ನ ಹೊಟ್ಟೆ ಉರಿದಿದೆ. ಹೀಗೊಂದು ಕೆಲಸ ನನ್ನ ಕೈಯಲ್ಲಿ ಆಗಲಿಲ್ಲವಲ್ಲ ಎಂದು ಇಷ್ಟು ವರ್ಷವೂ ಕೊರಗಿದ್ದೇನೆ."

ಮಂತ್ರಿ ಹೋಗಿ ತನ್ನ ಕೈಯಿಂದಲೇ ತೂಬು ತೆರೆದ. ನೀರು ಮೇಲಿನ ಊರುಗಳ ಪೈರನ್ನು ಉಳಿಸಿತು. ಕೊನೆಯ ಊರಿನದು ಅಷ್ಟರಲ್ಲಿ ಒಣಗಿಹೋಗಿತ್ತು.

ಹಾಡುಗಾರ ರಾಜನ ಬಳಿಗೆ ಹೋಗಿ, ಕಲ್ಲಿನಲ್ಲಿ ಮಂತ್ರಿಯ ಹೆಸರನ್ನೇ ಕೆತ್ತಿಸಬೇಕೆಂದು ಬೇಡಿಕೊಂಡ. ರಾಜ ಮತ್ತೆ ದೂತರನ್ನು ಕಳಿಸಿದ. ಜನ ಒಪ್ಪಲಿಲ್ಲ. ಈಗ ಮಂತ್ರಿಯ ಹೆಸರು ಎಲ್ಲರಿಗೂ ಗೊತ್ತಿತ್ತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ, "ಹಾಗಾದರೆ ಆ ಹೆಸರಿಗೆ ತಕ್ಕವನು ಹಾಡುಗಾರನೇ ಅಲ್ಲವೇ?" ಎಂದ.

"ತೂಬು ಮುಚ್ಚುವ ಹಿಂದಿನ ದಿನ ಕೇಳಿದ್ದರೆ ಮಂತ್ರಿ ಎನ್ನುತ್ತಿದ್ದೆ" ಎಂದರು ಗುರುಗಳು.