ಪುಟ್ಟತಾಯಮ್ಮ ತೋರಿಸಿದ ದಾರಿ

ಊರ ನಡುವಿನ ಶಾಪಿಂಗ್ ಕಾಂಪ್ಲೆಕ್ಸಿನ ಬಾಗಿಲಲ್ಲಿ ಪುಟ್ಟತಾಯಮ್ಮ ಹೂವು ಮಾರುತ್ತಿದ್ದಳು, ನೂರು ವರ್ಷದಿಂದ ಅಂತಿಟ್ಟುಕೊಳ್ಳಿ.

ಹೊಸ ಮ್ಯಾನೇಜರ್ ಬಂದವನೇ, "ಏಯ್ ಅಜ್ಜಿ, ಇಲ್ಲಿ ಕೂತರೆ ನಮ್ಮ ಅಂದ ಕೆಡುತ್ತೆ. ರಸ್ತೆ ಆಚೆ ಹೋಗು" ಅಂದ.

"ಆಗಲಿ ಸ್ವಾಮಿ" ಅಂತ ಹೋದಳು.

ಬಸ್ಸಿಳಿದ ಪ್ರವಾಸಿಗರು ಗಡಿಯಾರದ ಗೋಪುರಕ್ಕೆ ದಾರಿ ಕೇಳುವುದು ಹೂವಿನವಳನ್ನೇ. ಇಷ್ಟು ದಿನ, "ಈ ಕಾಂಪ್ಲೆಕ್ಸ್ ಒಳಗೇ ಹಾದು ಹಿಂಬಾಗಿಲಲ್ಲಿ ಇಳೀರಿ" ಅನ್ನುತ್ತಿದ್ದಳು. ಈಗ, "ಫುಟ್‌ಪಾತಲ್ಲೇ ನೆಟ್ಟಗೆ ಹೋಗ್ರಪ್ಪಾ" ಅಂದಳು.

ನಾಲ್ಕೇ ದಿನಕ್ಕೆ ಕಾಂಪ್ಲೆಕ್ಸಿನ ಅಂಗಡಿಯವರೆಲ್ಲ ನೊಣ ಹೊಡೆಯುತ್ತಾ ಕೂತರು. ಐದನೇ ದಿನ ಮ್ಯಾನೇಜರನ್ನೇ ರಸ್ತೆ ದಾಟಿಸಿದರು. ಅವನು ಟೈಯನ್ನು ಹೆಗಲ ಹಿಂದಕ್ಕೆ ಹಾಕಿಕೊಂಡು ಅವಳ ಹೂವಿನ ಬುಟ್ಟಿ ತಲೆಗೇರಿಸಿಕೊಂಡ.

"ಅಮ್ಮಾ, ಈಗ ಹೇಳಿ. ಗೋಪುರಕ್ಕೆ ದಾರಿ ಯಾವುದು?"

"ಮೊದಲು ಬುಟ್ಟಿ ನನ್ನ ಜಾಗದಲ್ಲಿ ಇಳಿಸಪ್ಪ. ಅಲ್ಲಿ ಕೂತರೇ ನನಗೆ ನಿಮ್ಮ ಹಿಂಬಾಗಿಲು ನೆನಪಾಗೋದು."